ಒಳಗೊಂದು ಕೊಳವೆ, ಕೈಯಲ್ಲೊಂದು ಚೀಟಿ

ಮೂತ್ರಕೋಶದಲ್ಲಿ ಕಲ್ಲು ಬೆಳೆದವನಿಗೆ ಶಸ್ತ್ರಚಿಕಿತ್ಸೆ ಮಾಡುವ ಬಗೆಯನ್ನು ಸುಶ್ರುತ ಸಂಹಿತೆ ವಿವರವಾಗಿ ಹೇಳುತ್ತದೆ. ಭಾರತೀಯ ವೈದ್ಯದ ಹಿರಿಮೆಯನ್ನು ಹೇಳುವವರೆಲ್ಲ ಆ ಭಾಗವನ್ನು ಎತ್ತಿ ತೋರಿಸುವುದು ವಾಡಿಕೆ. ಆದರೆ ಅದರ ಮುಂದಿನ ಮಾತುಗಳತ್ತ ಗಮನ ಹೋಗುವುದು ಕಡಿಮೆ. ಕಲ್ಲು ತೆಗೆದ ಕೂಡಲೇ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಕು, ಮೂತ್ರಕೋಶದಲ್ಲಿ ರಕ್ತ ತುಂಬಿಕೊಳ್ಳದಂತೆ ನೋಡಿಕೊಳ್ಳಬೇಕು, ಮೊದಲ ಮೂರು ದಿನ ತುಪ್ಪ ಬೆರೆಸಿದ ಬಿಸಿ ಗಂಜಿ ಕೊಡಬೇಕು ಎಂದು ಗ್ರಂಥ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಗಾಯ ಮಾಯ್ದ ಮೇಲೂ ಒಂದು ವರ್ಷದವರೆಗೆ ಆತ ಕುದುರೆ, ಆನೆ, ರಥಗಳನ್ನು ಏರಬಾರದು, ಬೆಟ್ಟವನ್ನಾಗಲಿ ಮರವನ್ನಾಗಲಿ ಹತ್ತಬಾರದು, ನೀರಿನಲ್ಲಿ ಈಜಬಾರದು, ಸ್ತ್ರೀಸಂಗ ಕೂಡದು, ಜೀರ್ಣಕ್ಕೆ ಭಾರವಾದುದನ್ನು ಉಣ್ಣಕೂಡದು ಎಂದು ವಿಧಿಸುತ್ತದೆ. ಇಂದಿನ ಆಸ್ಪತ್ರೆಗಳು ಮನೆಗೆ ಹೊರಟ ರೋಗಿಯ ಕೈಗೆ ಕೊಡುವ ಡಿಸ್ಚಾರ್ಜ್ ಚೀಟಿಯ ಪೂರ್ವಜ ಇದೇ ಎನ್ನಬಹುದು. ಕುದುರೆಯ ಜಾಗದಲ್ಲಿ ಸ್ಕೂಟರ್ ಎಂದು ಬರೆದುಕೊಂಡರೆ ಪಟ್ಟಿ ಈಗಲೂ ಅಪರಿಚಿತವೆನಿಸದು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಶಸ್ತ್ರಚಿಕಿತ್ಸೆ ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಬದುಕುವುದು ಸಂದೇಹ. ಆದ್ದರಿಂದ ಒಡೆಯನ ಅಪ್ಪಣೆ ಪಡೆದೇ ವೈದ್ಯ ಕೈಹಾಕಬೇಕು ಎಂಬುದು ಅದರ ಭಾವ. ಒಡೆಯ ಎಂದರೆ ರಾಜ. ರೋಗಿಯ ಒಪ್ಪಿಗೆಯ ಮಾತು ಅಲ್ಲಿ ಬರುವುದಿಲ್ಲ. ಗ್ರೀಕರ ಕಡೆ ಹೋದರೆ ಸ್ಥಿತಿ ಇನ್ನೂ ಬಿಗಿ. ಹಿಪ್ಪೊಕ್ರೆಟಿಸನ ಹೆಸರಿನ ಪ್ರತಿಜ್ಞೆಯಲ್ಲಿ ಕಲ್ಲಿಗಾಗಿ ಕೊಯ್ಯುವ ಕೆಲಸವನ್ನು ಅದರಲ್ಲಿ ಪಳಗಿದವರಿಗೆ ಬಿಡಬೇಕೆಂದಿದೆ. ಅದೇ ಪರಂಪರೆಯ ಮತ್ತೊಂದು ಬರಹ, ಶುಶ್ರೂಷೆಯ ಹೊತ್ತಿನಲ್ಲಿ ಬಹುಪಾಲು ಸಂಗತಿಗಳನ್ನು ರೋಗಿಯಿಂದ ಮುಚ್ಚಿಡಬೇಕೆಂದು ವೈದ್ಯನಿಗೆ ಉಪದೇಶಿಸುತ್ತದೆ. ಏನು ಮಾಡಬೇಕೆಂದು ರೋಗಿಗೆ ಹೇಳಬಹುದು, ಏಕೆ ಎಂದು ಹೇಳಬೇಕಾಗಿಲ್ಲ ಎಂಬ ಈ ನಿಲುವು ಪಶ್ಚಿಮದಲ್ಲಿ ಬಹುಕಾಲ ಬಾಳಿತು. 1847ರಲ್ಲಿ ಅಮೆರಿಕದ ವೈದ್ಯರ ಸಂಘ ರಚಿಸಿಕೊಂಡ ನೀತಿಸಂಹಿತೆಯಲ್ಲೂ ರೋಗಿಯ ಕರ್ತವ್ಯಗಳ ಪಟ್ಟಿಯೊಂದಿತ್ತು; ವೈದ್ಯನ ಮಾತನ್ನು ತಕ್ಷಣ, ಪ್ರಶ್ನಿಸದೆ ಪಾಲಿಸುವುದು ಅವುಗಳಲ್ಲಿ ಒಂದು.

ಕಲ್ಲಿನ ಶಸ್ತ್ರಚಿಕಿತ್ಸೆಯಿಂದ ಬದುಕಿ ಬಂದವನಿಗೆ ಅದು ಎಂಥ ಘಟನೆ ಎಂಬುದಕ್ಕೆ ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಒಳ್ಳೆಯ ಸಾಕ್ಷಿ. 1658ರ ಮಾರ್ಚ್ 26ರಂದು, ಅರಿವಳಿಕೆ ಇಲ್ಲದ ಆ ಕಾಲದಲ್ಲಿ, ಥಾಮಸ್ ಹಾಲಿಯರ್ ಎಂಬ ಶಸ್ತ್ರವೈದ್ಯ ಪೀಪ್ಸ್‌ನ ಮೂತ್ರಕೋಶದಿಂದ ಕಲ್ಲು ತೆಗೆದ. ಚೇತರಿಸಿಕೊಳ್ಳಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಆ ಕಲ್ಲಿಗೆ ಪೀಪ್ಸ್ ಪೆಟ್ಟಿಗೆಯೊಂದನ್ನು ಮಾಡಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದ. ವರ್ಷವರ್ಷವೂ ಮಾರ್ಚ್ 26ರಂದು ಔತಣ ಏರ್ಪಡಿಸುವ ಸಂಕಲ್ಪ ಮಾಡಿದ್ದ. 1703ರಲ್ಲಿ ಸತ್ತಾಗ ಶವಪರೀಕ್ಷೆ ಮಾಡಿದವರಿಗೆ ಎಡ ಮೂತ್ರಪಿಂಡದಲ್ಲಿ ಏಳು ಕಲ್ಲುಗಳ ಗೂಡೇ ಸಿಕ್ಕಿತು. ಅಷ್ಟು ಮೇಲಿನ ಕಲ್ಲನ್ನು ಮುಟ್ಟುವ ದಾರಿ ಆಗಿನವರ ಬಳಿ ಇರಲಿಲ್ಲ.

ಆ ದಾರಿ ತೆರೆದದ್ದು ಬೆಳಕಿನಿಂದ. ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಸೆ 1877ರಲ್ಲಿ ಮೂತ್ರಕೋಶದೊಳಗೆ ಇಣುಕಿ ನೋಡುವ ದರ್ಶಕವನ್ನು ತೋರಿಸಿದ. ಎರಡು ವರ್ಷದ ಬಳಿಕ ವಿಯೆನ್ನಾದಲ್ಲಿ ಅದರ ಸುಧಾರಿತ ರೂಪ ಬಂತು. ಕ್ಯೂಬಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಹೋಆಕಿನ್ ಅಲ್ಬರಾನ್ 1897ರಲ್ಲಿ ಅದಕ್ಕೊಂದು ಪುಟ್ಟ ಸನ್ನೆಯನ್ನು ಜೋಡಿಸಿದ. ಆ ಸನ್ನೆಯಿಂದ ತೆಳ್ಳನೆಯ ನಳಿಕೆಯ ತುದಿಯನ್ನು ಬಾಗಿಸಿ, ಮೂತ್ರಕೋಶದ ತಳದಲ್ಲಿರುವ ಮೂತ್ರನಾಳದ ಸಣ್ಣ ಬಾಯಿಗೆ ತೂರಿಸುವುದು ಸಾಧ್ಯವಾಯಿತು. ಹೊಟ್ಟೆ ಕೊಯ್ಯದೆ ಮೂತ್ರಪಿಂಡದವರೆಗೆ ಹೋಗುವ ಹಾದಿ ಅಲ್ಲಿಂದ ಶುರು.

ಇಲ್ಲಿ ಮಾತಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಮೂತ್ರನಾಳ ಎಂದರೆ ಕೇಳುವವರಿಗೆ ಸಾಮಾನ್ಯವಾಗಿ ನೆನಪಾಗುವುದು ಮೂತ್ರ ಹೊರಬರುವ ದಾರಿ. ವೈದ್ಯರು ಹೇಳುವ ಮೂತ್ರನಾಳ ಬೇರೆ. ಒಂದೊಂದು ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಇಳಿಯುವ, ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದದ, ಒಳಗೇ ಇರುವ ಕೊಳವೆ ಅದು. ನೀರು ಇಳಿಜಾರಿನಲ್ಲಿ ಹರಿದಂತೆ ಮೂತ್ರ ಅದರಲ್ಲಿ ಹರಿಯುವುದಿಲ್ಲ. ನಾಳದ ಗೋಡೆಯ ಸ್ನಾಯುಗಳು ಅಲೆಅಲೆಯಾಗಿ ಹಿಂಡಿ ಅದನ್ನು ಕೆಳಕ್ಕೆ ತಳ್ಳುತ್ತವೆ. ಇಂಥ ನಾಳದಲ್ಲಿ ಹರಳೊಂದು ಸಿಕ್ಕಿಕೊಂಡರೆ ಮೇಲೆ ಮೂತ್ರ ಕಟ್ಟಿ ಮೂತ್ರಪಿಂಡ ಊದಿಕೊಳ್ಳುತ್ತದೆ. ಬೆನ್ನಿನ ಪಕ್ಕದಿಂದ ತೊಡೆಸಂದಿಗೆ ಇಳಿಯುವ ಆ ನೋವನ್ನು ಒಮ್ಮೆ ಉಂಡವರು ಮರೆಯುವುದಿಲ್ಲ.

ದಂತವೈದ್ಯನ ಹೆಸರು

ಕಟ್ಟಿದ ನಾಳದಲ್ಲಿ ಇಡುವ ಕೊಳವೆಗೆ ಈಗ ಸ್ಟೆಂಟ್ ಎಂಬ ಹೆಸರು. ಈ ಹೆಸರಿನ ಕತೆ ಸ್ವಾರಸ್ಯಕರವಾಗಿದೆ. ಚಾರ್ಲ್ಸ್ ಸ್ಟೆಂಟ್ (1807-1885) ಲಂಡನ್ನಿನ ದಂತವೈದ್ಯ. ಹಲ್ಲಿನ ಅಚ್ಚು ತೆಗೆಯಲು ಬಳಸುತ್ತಿದ್ದ ಗಟ್ಟಾ ಪರ್ಚಾ ಎಂಬ ಮರದ ಅಂಟು ಬೇಗ ಆಕಾರ ಕೆಡುತ್ತಿತ್ತು. ಅದಕ್ಕೆ ಸ್ಟಿಯರಿನ್ ಮೊದಲಾದವನ್ನು ಬೆರೆಸಿ 1856ರಲ್ಲಿ ಆತ ಒಳ್ಳೆಯ ಪಾಕವೊಂದನ್ನು ತಯಾರಿಸಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಡಚ್ ಶಸ್ತ್ರವೈದ್ಯ ಯೋಹಾನೆಸ್ ಎಸ್ಸರ್ ಮುಖ ಛಿದ್ರವಾದ ಸೈನಿಕರಿಗೆ ಚರ್ಮ ಕಸಿ ಮಾಡುವಾಗ, ಕಸಿಯ ಚರ್ಮ ಜಾರದಂತೆ ಒತ್ತಿಹಿಡಿಯಲು ಇದೇ ಪಾಕದ ಅಚ್ಚನ್ನು ಬಳಸಿ, 1917ರಲ್ಲಿ ಅದರ ಬಗ್ಗೆ ಬರೆದ. ಅಂಗಾಂಶವನ್ನು ಒಂದು ಆಕಾರದಲ್ಲಿ ಹಿಡಿದಿಡುವ ವಸ್ತುವಿಗೆಲ್ಲ ಮುಂದೆ ಅದೇ ಹೆಸರು ಅಂಟಿತು. ಸ್ಟೆಂಟ್ ಎಂದರೆ ಹೃದಯಕ್ಕೆ ಹಾಕುವುದು ಎಂದೇ ಇಂದು ನಮ್ಮ ಜನ ತಿಳಿದಿರುವುದು. ಹೃದಯದ ರಕ್ತನಾಳಕ್ಕೆ ಮೊದಲ ಸ್ಟೆಂಟ್ ಇಟ್ಟದ್ದು 1986ರಲ್ಲಿ. ಮೂತ್ರನಾಳದ ಸ್ಟೆಂಟ್ ಅದಕ್ಕಿಂತ ಹಿರಿಯದು.

ಮೊದಮೊದಲು ಮೂತ್ರನಾಳದಲ್ಲಿ ಬಿಟ್ಟ ನಳಿಕೆಗಳ ಒಂದು ತುದಿ ಮೈಯಿಂದ ಹೊರಗೆ ತೂಗುತ್ತಿತ್ತು. ರೋಗಿ ಹಾಸಿಗೆ ಬಿಡುವಂತಿರಲಿಲ್ಲ. ಪೂರ್ತಿ ಒಳಗೇ ಇರುವ, ಬಹುಕಾಲ ಬಿಡಬಹುದಾದ ಸಿಲಿಕೋನ್ ರಬ್ಬರಿನ ಕೊಳವೆಯನ್ನು ದರ್ಶಕದ ಮೂಲಕವೇ ಸೇರಿಸಿದ ಅನುಭವವನ್ನು 1967ರಲ್ಲಿ ಅಮೆರಿಕದ ಪಾಲ್ ಜಿಮ್ಸ್‌ಕೈಂಡ್ ಮತ್ತು ಸಂಗಡಿಗರು ಪ್ರಕಟಿಸಿದರು. ಆದರೆ ನೇರ ಕೊಳವೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾಳದ ಸ್ನಾಯುಗಳು ಅದನ್ನೂ ಮೂತ್ರದಂತೆಯೇ ಕೆಳಕ್ಕೆ ತಳ್ಳುತ್ತಿದ್ದವು. ಕೆಲವೊಮ್ಮೆ ಅದು ಮೇಲಕ್ಕೂ ಸರಿಯುತ್ತಿತ್ತು. ರಾಬರ್ಟ್ ಗಿಬ್ಬನ್ಸ್ ಕೊಳವೆಯ ಮೈಗೆ ಮುಳ್ಳಿನಂಥ ಕೊಂಡಿಗಳನ್ನು ಇಟ್ಟು ನೋಡಿದ. ಅದು ಜಾರುವುದು ಕಡಿಮೆಯಾಯಿತು, ಆದರೆ ದಪ್ಪ ಹೆಚ್ಚಾಗಿ ಸೇರಿಸುವುದು ಕಷ್ಟವಾಯಿತು.

ಇದಕ್ಕೆ ಸಿಕ್ಕ ಪರಿಹಾರ ತೀರ ಸರಳ. 1978ರಲ್ಲಿ ರಾಯ್ ಫಿನ್ನಿ ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದ ಕೊಳವೆಯನ್ನು ವರ್ಣಿಸಿದ. ಒಳಗೆ ತಂತಿ ತೂರಿಸಿದರೆ ಕೊಳವೆ ನೆಟ್ಟಗಾಗುತ್ತದೆ, ತಂತಿ ಎಳೆದುಕೊಂಡರೆ ತುದಿಗಳು ತಾವಾಗಿ ಸುರುಳಿ ಸುತ್ತಿಕೊಳ್ಳುತ್ತವೆ. ಮೇಲಿನ ಸುರುಳಿ ಮೂತ್ರಪಿಂಡದಲ್ಲಿ, ಕೆಳಗಿನದು ಮೂತ್ರಕೋಶದಲ್ಲಿ. ಡಬಲ್ ಜೆ ಅಥವಾ ಡಿಜೆ ಸ್ಟೆಂಟ್ ಎಂಬ ಹೆಸರು ಬಂದದ್ದು ಹೀಗೆ. ಗಣೇಶನ ಮೆರವಣಿಗೆಯ ಡಿಜೆಗೂ ಇದಕ್ಕೂ ಯಾವ ನಂಟೂ ಇಲ್ಲ. ಸಾಮಾನ್ಯವಾಗಿ ಬಳಸುವ ಕೊಳವೆಯ ಅಳತೆ ಆರು ಫ್ರೆಂಚ್, ಎಂದರೆ ಎರಡು ಮಿಲಿಮೀಟರ್ ದಪ್ಪ. ಈ ಅಳತೆಯೂ ಪ್ಯಾರಿಸ್ಸಿನ ಉಪಕರಣ ತಯಾರಕ ಷಾರಿಯೆರ್‌ನ ಬಳುವಳಿ: ಮೂರು ಫ್ರೆಂಚ್ ಸೇರಿದರೆ ಒಂದು ಮಿಲಿಮೀಟರ್.

ಸರಿಯಾದ ಹೊತ್ತಿಗೆ ಈ ಕೊಳವೆ ಬಂತು. 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಚೌಸಿ ಮತ್ತು ಸಂಗಡಿಗರು ಆಘಾತದ ಅಲೆಗಳಿಂದ ಮೂತ್ರಪಿಂಡದ ಹರಳನ್ನು ಹೊರಗಿನಿಂದಲೇ ಪುಡಿಮಾಡಿದರು. ಯಂತ್ರ ತಯಾರಿಸಿದ್ದು ಡಾರ್ನಿಯರ್ ಎಂಬ ವಿಮಾನ ಕಂಪನಿ. ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಏಳುವ ಅಲೆಗಳ ಅಧ್ಯಯನ ಅದರ ಹಿಂದಿತ್ತು. ಪುಡಿಯಾದ ಹರಳು ನಾಳದಲ್ಲಿ ಸಾಲುಗಟ್ಟಿ ನಿಂತು ದಾರಿ ಮುಚ್ಚುವುದುಂಟು. ಜರ್ಮನರು ಇದಕ್ಕೆ ಕಲ್ಲಿನ ಬೀದಿ ಎಂದೇ ಹೆಸರಿಟ್ಟರು. ಅದನ್ನು ತಪ್ಪಿಸಲು ಡಿಜೆ ಸ್ಟೆಂಟ್ ಬೇಕಾಯಿತು. ಅದೇ ದಶಕದಲ್ಲಿ ನಾಳದೊಳಗೇ ದರ್ಶಕ ತೂರಿಸುವುದು ರೂಢಿಗೆ ಬಂತು, 1990ರ ದಶಕದಲ್ಲಿ ಹೋಲ್ಮಿಯಂ ಲೇಸರ್ ಬಂತು. ಪಕ್ಕೆ ಸೀಳಿ ಕಲ್ಲು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಅಪರೂಪವಾಯಿತು.

ವಾರ್ಡಿನಿಂದ ಮನೆಗೆ

ಇತಿಹಾಸದ ಪುಸ್ತಕಗಳು ಇದನ್ನು ಯಂತ್ರಗಳ ಗೆಲುವು ಎಂದು ಬರೆಯುತ್ತವೆ. ರೋಗಿಯ ಕಡೆಯಿಂದ ನೋಡಿದರೆ ಇನ್ನೊಂದು ಬದಲಾವಣೆ ಕಾಣುತ್ತದೆ, ಅದು ಹೆಚ್ಚು ಚರ್ಚೆಗೆ ಬಂದಿಲ್ಲ. ಪಕ್ಕೆ ಸೀಳಿಸಿಕೊಂಡವನು ಹತ್ತಾರು ದಿನ ವಾರ್ಡಿನಲ್ಲೇ ಇರುತ್ತಿದ್ದ. ಮೂತ್ರ ಕೆಂಪಗಾದರೆ ನರ್ಸಮ್ಮನನ್ನು ಕೇಳುತ್ತಿದ್ದ. ಪಕ್ಕದ ಹಾಸಿಗೆಯವನು ತನಗೂ ಹಾಗೇ ಆಗಿತ್ತೆಂದು ಧೈರ್ಯ ಹೇಳುತ್ತಿದ್ದ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಕಣ್ಣಾರೆ ನೋಡುತ್ತಿದ್ದರು. ಹೊಲಿಗೆ ಬಿಚ್ಚಿಸಿಕೊಂಡು ಹೊರಡುವ ಹೊತ್ತಿಗೆ ಕೇಳಬೇಕಾದ ಪ್ರಶ್ನೆಗಳು ಬಹುಪಾಲು ಮುಗಿದಿರುತ್ತಿದ್ದವು. ದರ್ಶಕದ ಚಿಕಿತ್ಸೆಯವನು ಮಾರನೆಯ ದಿನವೇ, ಕೆಲವು ಕಡೆ ಅದೇ ದಿನವೇ ಮನೆಗೆ ಹೋಗುತ್ತಾನೆ. ಮೈಮೇಲೆ ಒಂದು ಗೀರೂ ಇಲ್ಲ. ಒಳಗೆ ಮಾತ್ರ ಎರಡು ಸುರುಳಿಯ ಕೊಳವೆಯಿದೆ. ಪ್ರಶ್ನೆಗಳು ಹುಟ್ಟುವುದು ಮನೆಗೆ ಹೋದ ಮೇಲೆ, ರಾತ್ರಿ ನಾಲ್ಕನೆಯ ಸಲ ಬಚ್ಚಲಿಗೆ ಎದ್ದಾಗ.

ಆ ಕೊಳವೆ ಒಳಗೆ ಏನು ಮಾಡುತ್ತದೆಂಬುದು ಗೊತ್ತಿದ್ದರೆ ಈ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ. ಕೆಳಗಿನ ಸುರುಳಿ ಮೂತ್ರಕೋಶದ ತಳದ ಅತಿ ಸೂಕ್ಷ್ಮ ಭಾಗಕ್ಕೆ ತಾಗುತ್ತದೆ. ಚೀಲ ತುಂಬಿಲ್ಲದಿದ್ದರೂ ತುಂಬಿದಂತೆ ಅನಿಸಿ ಪದೇ ಪದೇ ಅವಸರವಾಗುವುದು ಅದರಿಂದ. ಮೂತ್ರಕೋಶದಿಂದ ಮೇಲಕ್ಕೆ ಮೂತ್ರ ಹಿಮ್ಮರಳದಂತೆ ಪ್ರಕೃತಿ ನಾಳದ ಬಾಯಲ್ಲಿ ತಡೆಯೊಂದನ್ನು ಇಟ್ಟಿದೆ. ಕೊಳವೆ ಇರುವಷ್ಟು ದಿನ ಆ ಬಾಗಿಲು ತೆರೆದೇ ಇರುತ್ತದೆ. ಮೂತ್ರ ಮಾಡುವಾಗಿನ ಒತ್ತಡ ಮೇಲಿನವರೆಗೆ ತಲುಪಿ, ಮೂತ್ರ ಮಾಡುತ್ತಿರುವುದು ಇಲ್ಲಿ, ನೋವು ಬೆನ್ನಿನ ಪಕ್ಕದಲ್ಲಿ ಎಂಬ ವಿಚಿತ್ರ ಅನುಭವವಾಗುತ್ತದೆ. ಮೆಟ್ಟಿಲು ಹತ್ತಿಳಿದರೆ, ಬಸ್ಸಿನಲ್ಲಿ ಕುಲುಕಾಡಿದರೆ ಕೊಳವೆ ಉಜ್ಜಿ ಮೂತ್ರ ತಿಳಿಗೆಂಪಾಗಬಹುದು. ಚೆನ್ನಾಗಿ ನೀರು ಕುಡಿದು ವಿಶ್ರಾಂತಿ ಪಡೆದರೆ ತಿಳಿಯಾಗುತ್ತದೆ. ಇದಾವುದೂ ಶಸ್ತ್ರಚಿಕಿತ್ಸೆ ಕೆಟ್ಟದ್ದರ ಗುರುತಲ್ಲ. ಚಳಿಜ್ವರ, ಮಾತ್ರೆಗೂ ಬಗ್ಗದ ನೋವು, ಹೆಪ್ಪುಗಟ್ಟಿದ ರಕ್ತ, ಮೂತ್ರ ಕಟ್ಟಿಕೊಳ್ಳುವುದು, ಕೊಳವೆಯೇ ಜಾರಿ ಹೊರಬರುವುದು, ಇವು ಬೇರೆ. ಇವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಎರಡರ ನಡುವಿನ ಈ ವ್ಯತ್ಯಾಸ ತಿಳಿಯದವನು ಮೊದಲನೆಯದಕ್ಕೆ ಹೆದರಿ ಕಂಗಾಲಾಗುತ್ತಾನೆ, ಎರಡನೆಯದನ್ನು ಕೊಳವೆಯ ಕಿರಿಕಿರಿ ಎಂದುಕೊಂಡು ಸುಮ್ಮನಿರುತ್ತಾನೆ.

ವೈದ್ಯರಿಗೆ ಈ ಕಿರಿಕಿರಿ ಎಷ್ಟೆಂದು ಅಂಕಿಗಳಲ್ಲಿ ಗೊತ್ತಾದದ್ದು ತಡವಾಗಿ. ಫಿನ್ನಿಯ ಕೊಳವೆ ಬಂದು ಕಾಲು ಶತಮಾನವಾದ ಮೇಲೆ, 2003ರಲ್ಲಿ, ಬ್ರಿಟನ್ನಿನ ಎಚ್.ಬಿ. ಜೋಷಿ ಮತ್ತು ಸಂಗಡಿಗರು ಸ್ಟೆಂಟ್ ಹಾಕಿಸಿಕೊಂಡವರಿಗೆಂದೇ ಪ್ರಶ್ನಾವಳಿಯೊಂದನ್ನು ರೂಪಿಸಿ ಪ್ರಕಟಿಸಿದರು. ಅವರ ಅಧ್ಯಯನದಲ್ಲಿ ಶೇ. 78 ಮಂದಿಗೆ ಮೂತ್ರದ ತೊಂದರೆಗಳಿದ್ದವು, ಶೇ. 80ಕ್ಕೂ ಹೆಚ್ಚು ಮಂದಿಗೆ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವಿತ್ತು, ಶೇ. 58 ಮಂದಿಯ ದುಡಿಯುವ ಶಕ್ತಿ ಕುಗ್ಗಿತ್ತು. ಕೆಲವರು ಮಾತ್ರ ಗೊಣಗುತ್ತಾರೆ ಎಂಬ ನಂಬಿಕೆ ಸುಳ್ಳಾಯಿತು. ಪ್ರಶ್ನಾವಳಿಗಿಂತ ಎರಡು ವರ್ಷ ಮೊದಲೇ, 2001ರಲ್ಲಿ, ಇದೇ ತಂಡ ಸ್ಟೆಂಟ್ ರೋಗಿಗಳಿಗಾಗಿ ಮಾಹಿತಿ ಪುಸ್ತಿಕೆಯೊಂದನ್ನು ಸಿದ್ಧಪಡಿಸಿ, ಅದನ್ನು ಒರೆಗೆ ಹಚ್ಚಿದ ಬಗೆಯನ್ನು ಮೂತ್ರಶಾಸ್ತ್ರದ ಪತ್ರಿಕೆಯಲ್ಲಿ ವರದಿ ಮಾಡಿತ್ತು. ಔಷಧಿಯನ್ನು ಪರೀಕ್ಷಿಸುವಂತೆ ಚೀಟಿಯನ್ನೂ ಪರೀಕ್ಷಿಸಬೇಕು ಎಂಬ ವಿಚಾರ ಅದರಲ್ಲಿತ್ತು. ಹೊಸ ಕೊಳವೆ ಬಂದಾಗ ಆಗುವಷ್ಟು ಸುದ್ದಿ ಇದಕ್ಕೆ ಆಗಲಿಲ್ಲವೆಂಬುದು ಬೇರೆ ಮಾತು.

ಈ ಅಂಕಿಗಳಿಂದ ಇನ್ನೊಂದು ಪ್ರಯೋಜನವೂ ಆಯಿತು. ನಾಳದ ಸ್ನಾಯು ಸಡಿಲಿಸುವ ಟಾಮ್ಸುಲೋಸಿನ್‌ನಂಥ ಮಾತ್ರೆಗಳು ಬಾಧೆಯನ್ನು ತಗ್ಗಿಸುತ್ತವೆಯೇ ಎಂದು ಅದೇ ಪ್ರಶ್ನಾವಳಿಯಿಂದ ಅಳೆಯುವುದು ಸಾಧ್ಯವಾಯಿತು. ತೊಡಕಿಲ್ಲದೆ ಮುಗಿದ ಚಿಕಿತ್ಸೆಯ ಬಳಿಕ ಕೊಳವೆಯನ್ನು ಇಡಲೇಬೇಕೆಂದಿಲ್ಲ ಎಂಬುದನ್ನು 2016ರ ಅಮೆರಿಕನ್ ಮಾರ್ಗಸೂಚಿಯೂ ಒಪ್ಪಿತು.

ಮರೆತುಹೋದ ಕೊಳವೆಗಳು

ಕಿರಿಕಿರಿ ಇರುವವನು ಹೇಗೂ ವೈದ್ಯರ ಬಳಿ ಹೋಗುತ್ತಾನೆ. ನಿಜವಾದ ಅಪಾಯ ಏನೂ ಅನಿಸದವನಿಗೆ. ಕೊಳವೆಯ ಮೇಲೆ ಮೂತ್ರದ ಲವಣಗಳು ಕ್ರಮೇಣ ಕಟ್ಟಿಕೊಳ್ಳುತ್ತವೆ, ಬಿಸಿನೀರಿನ ಹಂಡೆಯೊಳಗೆ ಬಿಳಿ ಪದರ ಕಟ್ಟಿದ ಹಾಗೆ. 1991ರಲ್ಲಿ ರಿಯಾದ್‌ನ ವೈದ್ಯರು ಹರಳಿನ ರೋಗಿಗಳಿಂದ ತೆಗೆದ ಕೊಳವೆಗಳನ್ನು ಪರಿಶೀಲಿಸಿ ವರದಿ ಮಾಡಿದರು. ಆರು ವಾರದೊಳಗೆ ತೆಗೆದವುಗಳಲ್ಲಿ ಶೇ. 9.2ರಷ್ಟಕ್ಕೆ ಪದರ ಕಟ್ಟಿತ್ತು. ಆರರಿಂದ ಹನ್ನೆರಡು ವಾರಗಳಲ್ಲಿ ತೆಗೆದವುಗಳಲ್ಲಿ ಶೇ. 47.5, ಅದಕ್ಕೂ ತಡವಾದರೆ ಶೇ. 76.3. ಗರ್ಭಿಣಿಯರಲ್ಲಿ ಇದು ಇನ್ನೂ ಬೇಗ ಆಗುವುದರಿಂದ ಅವರ ಕೊಳವೆಯನ್ನು ನಾಲ್ಕಾರು ವಾರಕ್ಕೊಮ್ಮೆ ಬದಲಿಸುವುದುಂಟು. ವರ್ಷಗಟ್ಟಲೆ ಬಿಟ್ಟರೆ ಎರಡೂ ಸುರುಳಿಗಳ ಸುತ್ತ ಕಲ್ಲು ಬೆಳೆದು, ಕೊಳವೆ ತುಂಡಾಗಿ, ಕೆಲವರು ಮೂತ್ರಪಿಂಡವನ್ನೇ ಕಳೆದುಕೊಳ್ಳುತ್ತಾರೆ. ಹರಳಿನಿಂದ ಪಾರಾಗಲು ಇಟ್ಟ ವಸ್ತುವೇ ಹರಳಿಗೆ ಬೀಜವಾಗುತ್ತದೆ. 1995ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಮರೆತ ಸ್ಟೆಂಟ್ ಕುರಿತು ಬಂದ ಲೇಖನದ ಬಳಿಕ ಆ ಹೆಸರೇ ರೂಢಿಯಾಯಿತು. ಭಾರತದ ವೈದ್ಯರು ಬರೆದ ಇಂಥ ವರದಿಗಳೂ ಕಡಿಮೆಯೇನಿಲ್ಲ.

ಮರೆತವರು ಯಾರು ಎಂಬುದು ಇಲ್ಲಿನ ಪ್ರಶ್ನೆ. ಎಷ್ಟೋ ಮಂದಿಗೆ ಒಳಗೊಂದು ಕೊಳವೆಯಿದೆ ಎಂಬುದೇ ತಿಳಿದಿರುವುದಿಲ್ಲ. ತಿಳಿಯದ್ದನ್ನು ಮರೆಯುವುದು ಹೇಗೆ? 2000ದಲ್ಲಿ ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಮೂತ್ರಶಾಸ್ತ್ರಜ್ಞರು, ಇಟ್ಟದ್ದನ್ನು ತೆಗೆಸುವ ಹೊಣೆ ವೈದ್ಯನದೂ ಹೌದೆಂದು ವಾದಿಸಿ, ಅವಧಿ ಮೀರಿದ ಕೊಳವೆಗಳನ್ನು ಕಂಪ್ಯೂಟರಿನಲ್ಲಿ ಪತ್ತೆ ಹಚ್ಚುವ ವ್ಯವಸ್ಥೆಯನ್ನು ವರ್ಣಿಸಿದರು. ಕೊಳವೆಯ ದಾಖಲೆ ಪುಸ್ತಕ, ರೋಗಿಯ ಜೇಬಿಗೊಂದು ಕಾರ್ಡು, ಮೊಬೈಲಿಗೆ ಸಂದೇಶ, ಇವೆಲ್ಲ ಆಮೇಲೆ ಬೇರೆ ಬೇರೆ ಕಡೆ ಬಂದವು.

ನಮ್ಮಲ್ಲಿ ಇದಕ್ಕೆ ಭಾಷೆಯ ಅಡ್ಡಗೋಡೆಯೂ ಸೇರಿದೆ. ಡಿಸ್ಚಾರ್ಜ್ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಅದರ ನಡುವೆ 'ಡಿಜೆ ಸ್ಟೆಂಟ್ ಇನ್ ಸಿಟು' ಎಂಬ ಒಂದು ಸಾಲು, ಅದೂ ಅರ್ಧ ಲ್ಯಾಟಿನ್. ಕೊಳವೆ ಒಳಗೇ ಇದೆ ಎಂಬ ಅತಿ ಮುಖ್ಯ ಸುದ್ದಿ ಆ ಎರಡು ಪದಗಳಲ್ಲಿ ಅಡಗಿ ಕೂತಿರುತ್ತದೆ. ಊರಿನ ಮೆಡಿಕಲ್ ಶಾಪಿನವನು ಅದೇ ಚೀಟಿ ನೋಡಿ ಮಾತ್ರೆಗಳನ್ನು ಮಾತ್ರ ಎಣಿಸಿ ಕೊಡುತ್ತಾನೆ. ಮನೆಯಲ್ಲಿ ಹಿರಿಯರು ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು ಎಂದು ಉಪಚಾರ ಶುರುಮಾಡುತ್ತಾರೆ. ಇವುಗಳಿಂದ ಕೊಳವೆ ಕರಗುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನೋವು ನಿಂತಿತು, ಮೂತ್ರ ತಿಳಿಯಾಯಿತು, ಇನ್ನು ಪೇಟೆಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುವುದೇಕೆ ಎಂಬ ಲೆಕ್ಕಾಚಾರವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗೊತ್ತಿರುವಷ್ಟು ಸಂಗತಿಯ ಮೇಲೆ ಆ ಲೆಕ್ಕ ಸರಿಯಾಗಿಯೇ ಇದೆ.

ಕನ್ನಡದಲ್ಲಿ ಇಂಥದ್ದನ್ನು ಬರೆಯಲಾಗದು ಎನ್ನುವಂತಿಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ (1934-1991) 'ತಾಯಿ ಮಗು', 'ದಾಂಪತ್ಯ ದೀಪಿಕೆ'ಗಳಲ್ಲಿ ಬಾಯಿಬಿಟ್ಟು ಕೇಳಲು ನಾಚುವ ವಿಷಯಗಳನ್ನೇ ತಿಳಿಗನ್ನಡದಲ್ಲಿ ಹೇಳಿದರು; ಆ ಪುಸ್ತಕಗಳು ಮನೆಮನೆಗೆ ಹೋದವು. ಆದರೆ ಪುಸ್ತಕದಂಗಡಿಗೆ ಬಂದ ಆ ಕನ್ನಡ ಆಸ್ಪತ್ರೆಯ ಬಿಲ್ಲಿನ ಕಿಟಕಿಯನ್ನು ದಾಟಿ ಒಳಗೆ ಹೋಗಲಿಲ್ಲ.

ಕಾನೂನು ಮಾತ್ರ ನಿಧಾನವಾಗಿ ರೋಗಿಯ ಕಡೆ ಹೊರಳಿದೆ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ನೀಡುವ ವೈದ್ಯಸೇವೆಯನ್ನು ಗ್ರಾಹಕ ರಕ್ಷಣಾ ಕಾನೂನಿನ ವ್ಯಾಪ್ತಿಗೆ ತಂದಿತು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬೇರೆ ದಾರಿಗಳು ಇವನ್ನು ಸಾಕಷ್ಟು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದಿತು. ಸುಶ್ರುತನ ವೈದ್ಯ ರಾಜನನ್ನು ಕೇಳುತ್ತಿದ್ದ; ಇಂದಿನ ವೈದ್ಯ ಮಲಗಿರುವವನನ್ನೇ ಕೇಳಬೇಕು. ಸಹಿ ಹಾಕಿಸಿಕೊಳ್ಳುವುದಕ್ಕೂ ತಿಳಿಸುವುದಕ್ಕೂ ಇರುವ ಅಂತರ ತೀರ್ಪಿನಿಂದಷ್ಟೇ ಮುಚ್ಚುವಂಥದ್ದಲ್ಲ.

ಮೈಯೊಳಗೇ ಕರಗಿಹೋಗುವ, ತೆಗೆಯಬೇಕಾಗೇ ಇಲ್ಲದ ಕೊಳವೆಗಳ ಪ್ರಯೋಗ ಹಲವು ವರ್ಷಗಳಿಂದ ನಡೆದಿದೆ. ತುದಿಯಲ್ಲಿ ಅಯಸ್ಕಾಂತವಿರುವವು, ಹೊರಗೆ ದಾರದ ಎಳೆ ಬಿಟ್ಟಿರುವವು ಬಳಕೆಗೆ ಬಂದಿವೆ. ಆದರೂ ಮಾಮೂಲಿ ಡಿಜೆ ಸ್ಟೆಂಟಿನದೇ ಈಗಲೂ ಹೆಚ್ಚಿನ ಬಳಕೆ. ಹೊತ್ತಿಗೆ ಸರಿಯಾಗಿ ಬಂದವನಿಗೆ ಅದನ್ನು ತೆಗೆಯಲು ಸಾಮಾನ್ಯವಾಗಿ ಮರಗಟ್ಟಿಸುವ ಜೆಲ್ಲಿ ಮತ್ತು ಕೆಲವು ನಿಮಿಷ ಸಾಕು. ವರ್ಷಗಳ ಬಳಿಕ ಬಂದವನಿಗೆ ಅದೇ ಕೆಲಸಕ್ಕೆ ಮೂರು ನಾಲ್ಕು ಸಲ ಅರಿವಳಿಕೆ ಕೊಡಬೇಕಾಗಿ ಬರುವುದುಂಟು. ಬ್ರಿಟನ್ನಿನಲ್ಲೂ ಇತರೆಡೆಯೂ ರೋಗಿಗಳಿಗೆ ಕೊಡುವ ಈಗಿನ ಸ್ಟೆಂಟ್ ಚೀಟಿಗಳಲ್ಲಿ, ಎಷ್ಟು ನೀರು ಕುಡಿಯಬೇಕು, ಕೆಲಸಕ್ಕೆ ಯಾವಾಗ ಹೋಗಬಹುದು, ಯಾವುದಕ್ಕೆ ಹೆದರಬೇಕು ಎಂಬುದರ ಜೊತೆಗೆ, ಯಾರನ್ನು ಸಂಪರ್ಕಿಸಬೇಕು, ಕೊಳವೆ ಯಾವಾಗ ಹೊರಬರಬೇಕು ಎಂಬುದನ್ನೂ ತಿಳಿಸಿರುತ್ತಾರೆ.